ಯಾವ ಬೋರಿನ ನೀರು ಸ್ವಾಮಿ?

ಕಾರ್ಖಾನೆ ಪಕ್ಕದ ನೀರಿನ ರಿಪೋರ್ಟ್ ಚೆನ್ನಾಗಿ ಬಂದಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇಷ್ಟೇ. ಯಾವ ಬೋರ್? ಎಷ್ಟು ಅಡಿ? ಯಾವ ತಿಂಗಳು?

ಬಳ್ಳಾರಿಯಿಂದ ಕುಡಿತಿನಿ, ತೋರಣಗಲ್ಲು ಕಡೆ ಓಡಾಡುವವರು ದೂಳಿನ ಬಗ್ಗೆ ದಿನಾ ಬೈಯುತ್ತೇವೆ. ಅದು ಕಣ್ಣಿಗೆ ಕಾಣುತ್ತದೆ. ನೆಲದೊಳಗೆ ಇಳಿಯುವ ಎಣ್ಣೆ ಕಾಣುವುದಿಲ್ಲ, ಹಾಗಾಗಿ ಅದಕ್ಕೆ ಬೈಯುವವರೂ ಇಲ್ಲ. ಕಾರ್ಖಾನೆ ಎಂದಮೇಲೆ ಟಿಪ್ಪರ್‌ಗಳಿಗೆ ಡೀಸೆಲ್ ಬಂಕ್ ಇರುತ್ತದೆ, ಜನರೇಟರ್ ಇರುತ್ತದೆ, ಶೆಡ್ಡಿನ ಹಿಂದೆ ಸುಟ್ಟ ಆಯಿಲ್ ಡ್ರಮ್ಮುಗಳಿರುತ್ತವೆ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಕ್ಕೂ ಬಾಯ್ಲರ್ ಹೊತ್ತಿಸಲು ಎಣ್ಣೆ ಬೇಕೇ ಬೇಕು. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಹೇಗೆ ಬಾಯಿ ಬಿಡುತ್ತದೆ ಅಂತ ಹೇಳಬೇಕಾಗಿಲ್ಲ. ಆ ಬಿರುಕಿಗೆ ಡೀಸೆಲ್ ಬಿದ್ದರೆ ನೇರ ಕೆಳಗೆ.

ನಮ್ಮ ಕಡೆಯ ಒಂದು ಕಾರ್ಖಾನೆಯವರು ಗ್ರಾಮಸಭೆಗೆ ರಿಪೋರ್ಟ್ ತಂದಿದ್ದರು. ಪಿಎಚ್, ಟಿಡಿಎಸ್ (ಕರಗಿದ ಲವಣಾಂಶ), ಗಡಸುತನ, ಫ್ಲೋರೈಡ್, ನೈಟ್ರೇಟ್ ಎಲ್ಲಾ ಇತ್ತು. ಎಣ್ಣೆಯ ಸಾಲೇ ಇರಲಿಲ್ಲ. ನೀರು ಹಿಡಿದಿದ್ದು ಗೇಟಿನ ಹತ್ತಿರದ ಆಳವಾದ ಬೋರಿನ ನಲ್ಲಿಯಿಂದ.

ತೊಂದರೆ ಇರುವುದೇ ಇಲ್ಲಿ. ಡೀಸೆಲ್, ಪೆಟ್ರೋಲ್ ನೀರಿಗಿಂತ ಹಗುರ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ನಿಂತ ಹಾಗೆ ನೆಲದೊಳಗೂ ನೀರಿನ ಮೇಲೆಯೇ ನಿಲ್ಲುತ್ತದೆ. ನಮ್ಮಲ್ಲಿ ಬೋರ್ ಕೊರೆಯುವವರು ಮಣ್ಣು, ಗರಸು ಇರುವಷ್ಟು ಆಳಕ್ಕೆ ಕೇಸಿಂಗ್ ಇಳಿಸಿ, ಕೆಳಗೆ ಗಟ್ಟಿ ಕಲ್ಲಿನ ಸಂದಿಯಲ್ಲಿ ಸಿಗುವ ನೀರು ಎತ್ತುತ್ತಾರೆ. ಅಂದರೆ ಎಣ್ಣೆ ಇರಬಹುದಾದ ಪದರವನ್ನೇ ಪೈಪು ಮುಚ್ಚಿರುತ್ತದೆ. ಆ ಬೋರಿನ ನೀರು ಶುದ್ಧವಾಗಿ ಬಂದರೆ ಮೇಲಿನ ಪದರದ ಬಗ್ಗೆ ಏನೂ ಗೊತ್ತಾದಂತೆ ಆಗಲಿಲ್ಲ. ಎಣ್ಣೆಯಲ್ಲಿರುವ, ನೀರಿಗೆ ಕರಗುವ ಅಂಶ ನಿಧಾನಕ್ಕೆ ಕಲ್ಲಿನ ಬಿರುಕು ಹಿಡಿದು ಕೆಳಗಿಳಿದು ಆ ಬೋರಿಗೂ ಬಂದಿತು ಅನ್ನಿ, ಅಷ್ಟರಲ್ಲಿ ತಡವಾಗಿರುತ್ತದೆ.

ಎಣ್ಣೆ ಹುಡುಕುವ ಬಾವಿ ಬೇರೆಯೇ ಇರಬೇಕು. ಆಳ ಕಡಿಮೆ ಇರಬೇಕು. ಪೈಪಿನ ತೂತು ಇರುವ ಭಾಗ ನೀರಿನ ಮಟ್ಟದ ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ ಬರಬೇಕು, ಬೇಸಿಗೆ ಮಟ್ಟಕ್ಕೂ ಮಳೆಗಾಲದ ಮಟ್ಟಕ್ಕೂ. ನೀರು ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯಲು ಕನಿಷ್ಠ 3 ಬಾವಿ ಬೇಕು. ಡೀಸೆಲ್ ಟ್ಯಾಂಕಿಗಿಂತ ಹರಿವಿನ ಮೇಲ್ಗಡೆ ಒಂದು, ಕೆಳಗಡೆ ಎರಡು. ಎಲ್ಲಾ ಮೇಲ್ಗಡೆಯೇ ತೋಡಿಸಿದರೆ ರಿಪೋರ್ಟ್ ಯಾವಾಗಲೂ ಚೆನ್ನಾಗಿಯೇ ಬರುತ್ತದೆ, ಅಲ್ವಾ?

ತಿಂಗಳೂ ಮುಖ್ಯ. ಮಳೆ ಬಿದ್ದು, ಕಾಲುವೆಗೆ ನೀರು ಬಿಟ್ಟು ಅಂತರ್ಜಲ ಮೇಲೆ ಬಂದಾಗ ಎಣ್ಣೆ ಮಣ್ಣಿನಲ್ಲೇ ಸಿಕ್ಕಿಕೊಳ್ಳುತ್ತದೆ. ಬಾವಿಯಲ್ಲಿ ಕಾಣದೆಯೂ ಇರಬಹುದು. ಏಪ್ರಿಲ್, ಮೇನಲ್ಲಿ ನೀರು ಇಳಿದಾಗ ಅದೇ ಎಣ್ಣೆ ಬಾವಿಗೆ ಜಿನುಗುತ್ತದೆ. ಸೆಪ್ಟೆಂಬರ್‌ನಲ್ಲಿ ಮಾತ್ರ ತೆಗೆದ ಸ್ಯಾಂಪಲ್ಲನ್ನು ನಾನಂತೂ ನಂಬುವುದಿಲ್ಲ.

ಸ್ಯಾಂಪಲ್ ಹಿಡಿಯುವ ರೀತಿ ನೋಡಿದರೆ ನಗು ಬರುತ್ತದೆ. ಪೆಟ್ರೋಲ್, ಡೀಸೆಲ್‌ನಲ್ಲಿರುವ ಬೆನ್ಜೀನ್ ಗಾಳಿಗೆ ಹಾರಿಹೋಗುವ ವಸ್ತು. ಅದಕ್ಕೆ ಸಣ್ಣ ಗಾಜಿನ ಬಾಟಲಿ ಬೇಕು, ಒಳಗೆ ಒಂದು ಗಾಳಿಗುಳ್ಳೆಯೂ ಉಳಿಯದಂತೆ ತುಂಬಿ ಐಸ್ ಪೆಟ್ಟಿಗೆಯಲ್ಲಿ ಲ್ಯಾಬಿಗೆ ಕಳಿಸಬೇಕು. ಕುಡಿದಿಟ್ಟ ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ತುಂಬಿಸಿ, ಬಿಸಿಲಲ್ಲಿ ಜೀಪಿನ ಸೀಟಿನ ಮೇಲೆ ಇಟ್ಟು ಒಯ್ದರೆ ಲ್ಯಾಬಿನವರಿಗೆ ಏನು ಸಿಗುತ್ತದೆ?

"ತಮ್ಮಾ, ಎಣ್ಣೆ ಇದ್ರೆ ವಾಸನೆ ಬರಲ್ವೇನು?" ಎಂದು ಊರಿನ ಹಿರಿಯರೊಬ್ಬರು ಕೇಳಿದರು. ಬೆನ್ಜೀನ್ ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದರ ವಾಸನೆ ಮೂಗಿಗೆ ತಿಳಿಯುವ ಹೊತ್ತಿಗೆ ಈ ಮಿತಿ ಯಾವಾಗಲೋ ದಾಟಿರುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಮಿನರಲ್ ಆಯಿಲ್‌ಗೆ 0.5 ಮಿಲಿಗ್ರಾಂ ಮಿತಿ ಇದೆ. ಅದನ್ನಾದರೂ ಅಳೆಯಲಿ.

ಇನ್ನೊಂದು ಮಾತು. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆಲ್ಲಾ ಡೀಸೆಲ್ ಎಂದು ಕೂಗಬೇಡಿ. ಕಬ್ಬಿಣದ ಅಂಶ ಇರುವ ಕಡೆ ಬ್ಯಾಕ್ಟೀರಿಯಾ ಕೂಡ ಅಂಥ ಪೊರೆ ಕಟ್ಟುತ್ತದೆ. ಕಡ್ಡಿಯಿಂದ ಕದಡಿ ನೋಡಿ. ಬ್ಯಾಕ್ಟೀರಿಯಾ ಪೊರೆ ಚೂರು ಚೂರಾಗಿ ಒಡೆಯುತ್ತದೆ, ಎಣ್ಣೆ ಸುತ್ತಿ ಬಂದು ಮತ್ತೆ ಕೂಡಿಕೊಳ್ಳುತ್ತದೆ. ಸುಳ್ಳು ಕೂಗು ಹಾಕಿದರೆ ಮುಂದೆ ನಿಜ ಹೇಳಿದರೂ ಯಾರೂ ಕೇಳಲ್ಲ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಲಿನಗೊಂಡ ಜಾಗಗಳಿಗೆಂದೇ ಹೊಸ ನಿಯಮ ತಂದಿದೆ. ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕಳಿಸಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಶೀಲಿಸಬೇಕು. ಒಳ್ಳೆಯದೇ. ಆದರೆ ಗಣಿಗಾರಿಕೆಯಿಂದ ಆದ ಮಾಲಿನ್ಯವನ್ನು ಹೊರಗೆ ಬಿಟ್ಟಿದ್ದಾರೆ. ಗಣಿಗಳ ಸಂಡೂರು ಇರುವ ಜಿಲ್ಲೆಯವರು ನಾವು, ಇದನ್ನು ಓದಿ ಏನನ್ನಬೇಕು?

ಕಾರ್ಖಾನೆ ಬೇಡ ಎನ್ನುವವನಲ್ಲ ನಾನು. ನಮ್ಮ ಹುಡುಗರು ಅಲ್ಲೇ ದುಡಿಯುತ್ತಾರೆ. ಆದರೆ ದೊಡ್ಡ ಖರ್ಚಿಲ್ಲದೆ ಇವತ್ತೇ ಶುರು ಮಾಡಬಹುದಾದ ಕೆಲಸವನ್ನೂ ಮಾಡುವುದಿಲ್ಲ ಎಂದರೆ ಸಿಟ್ಟು ಬರುತ್ತದೆ. ದಿನಾ ಬೆಳಗ್ಗೆ ಟ್ಯಾಂಕಿಗೆ ಅಳತೆ ಕೋಲು ಇಳಿಸಿ, ಬಂದ ಡೀಸೆಲ್ಲಿಗೂ ಖರ್ಚಾದದ್ದಕ್ಕೂ ತಾಳೆ ನೋಡಿದರೆ ಸೋರಿಕೆಯ ಸುಳಿವು ಬಾವಿಗಿಂತ ಮೊದಲೇ ರಿಜಿಸ್ಟರಿನಲ್ಲಿ ಸಿಗುತ್ತದೆ.

ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಿದ್ದೇನೆ. ಬಂಕಿನ ಸುತ್ತ ಕಡಿಮೆ ಆಳದ ಬಾವಿ ತೋಡಿಸಬೇಕು, ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಎಣ್ಣೆ ಮತ್ತು ಬೆನ್ಜೀನ್ ಪರೀಕ್ಷೆ ಆಗಬೇಕು, ರಿಪೋರ್ಟ್ ಕನ್ನಡದಲ್ಲಿ ಪಂಚಾಯ್ತಿ ಬೋರ್ಡಿಗೆ ಅಂಟಿಸಬೇಕು, ಬಾವಿಯ ಆಳ ಮತ್ತು ತಾರೀಖಿನ ಸಮೇತ. ಅಕ್ಕಪಕ್ಕದ ಊರಿನವರಿಗೆ ಅರ್ಜಿಯ ಪ್ರತಿ ಬೇಕಿದ್ದರೆ ಕೇಳಿ, ಕಳಿಸುತ್ತೇನೆ.