ಬಡ್ಗಾಮಿನಲ್ಲಿ ಮ್ಯಾಗಜಿನ್ ತುಂಬಿದ ಕೈ

ಮೇಜರ್ ಸೋಮನಾಥ ಶರ್ಮರ ಬಗ್ಗೆ ಮಕ್ಕಳಿಗೆ ಭಾಷಣ ಬರೆದುಕೊಡುವ ಮಂಗಳೂರು, ಉಡುಪಿಯ ಮಾಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ವಿನಂತಿ. ದೇಶದ ಮೊದಲ ಪರಮವೀರ ಚಕ್ರ, ಪ್ಲಾಸ್ಟರ್ ಹಾಕಿದ ಎಡಗೈ, ಒಂದಿಂಚೂ ಹಿಂದೆ ಸರಿಯುವುದಿಲ್ಲ ಎಂಬ ಕೊನೆಯ ಸಂದೇಶ. ಇಷ್ಟು ಹೇಳಿ ಚಪ್ಪಾಳೆಗೆ ನಿಲ್ಲಿಸಿಬಿಡುತ್ತೇವೆ. ಆ ಕೈ ಇಟ್ಟುಕೊಂಡು ಅವರು ಮಾಡಿದ್ದೇನು ಎಂಬುದು ಬಿಟ್ಟೇ ಹೋಗುತ್ತದೆ. ಅವರು ಮ್ಯಾಗಜಿನ್, ಅಂದರೆ ಮೆಷಿನ್ ಗನ್ನಿನ ಗುಂಡಿನ ಡಬ್ಬಿ, ತುಂಬುತ್ತಿದ್ದರು.

ವೀರರಸ ಅಂದಾಗ ನಮ್ಮ ಕರಾವಳಿಯವರಿಗೆ ಯಕ್ಷಗಾನದ ಅಬ್ಬರದ ಪ್ರವೇಶವೇ ಕಣ್ಣಮುಂದೆ ಬರುವುದು ಸಹಜ. ಚೆಂಡೆ ಏರಬೇಕು, ರಂಗಸ್ಥಳ ನಡುಗಬೇಕು. ಕಾಶ್ಮೀರದ ಬಡ್ಗಾಮಿನ ಶೌರ್ಯ ಆ ಜಾತಿಯದಲ್ಲ.

1947ರ ನವೆಂಬರ್ 3. ನಮ್ಮ ಸೇನೆ ಅಕ್ಟೋಬರ್ 27ರಿಂದ ಶ್ರೀನಗರಕ್ಕೆ ವಿಮಾನದಲ್ಲೇ ಇಳಿಯುತ್ತಿತ್ತು. ಶಿರಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದ ಮಳೆಗಾಲದಲ್ಲಿ ಬಜಪೆ ವಿಮಾನ ನಿಲ್ದಾಣದ ಬೆಲೆ ಏನು ಅಂತ ನಮಗೆ ಗೊತ್ತು; ಅಲ್ಲಿ ಶ್ರೀನಗರದ ವಿಮಾನ ನಿಲ್ದಾಣ ಹೋದರೆ ಕಣಿವೆಯೇ ಹೋದಂತೆ. ಅದರ ಹತ್ತಿರದ ಬಡ್ಗಾಮಿನಲ್ಲಿದ್ದದ್ದು ಕುಮಾವೂನ್ ರೆಜಿಮೆಂಟಿನ 4ನೇ ಬೆಟಾಲಿಯನ್ನಿನ ಡಿ ಕಂಪೆನಿ ಎಂಬ ದಳ. ಕಮಾಂಡರ್ ಶರ್ಮರಿಗೆ 24 ವರ್ಷ. ಹಾಕಿ ಆಟದಲ್ಲಿ ಏಟಾದ ಎಡಗೈಗೆ ಪ್ಲಾಸ್ಟರ್ ಇತ್ತು, ಆದರೂ ಕಂಪೆನಿಯ ಜೊತೆ ಹೋಗುತ್ತೇನೆಂದು ಹಠ ಹಿಡಿದು ಬಂದವರು. ಮಧ್ಯಾಹ್ನದ ಮೇಲೆ ಪಾಕಿಸ್ತಾನದ ಕಡೆಯಿಂದ ನುಗ್ಗಿದ್ದ ಸುಮಾರು 700 ಮಂದಿ ದಾಳಿಕೋರರು ಮೂರು ಕಡೆಯಿಂದ ಮುತ್ತಿದರು, ಶೆಲ್ ಹಾರಿಸುವ ಮಾರ್ಟರ್ ಸಮೇತ.

ಆಗಿನ ಪದಾತಿದಳದ ಎಲ್‌ಎಂಜಿ (ಹಗುರ ಮೆಷಿನ್ ಗನ್) ಅಂದರೆ ಬ್ರೆನ್. ಅದರ ಮ್ಯಾಗಜಿನ್‌ಗೆ 30 ಗುಂಡು ಹಿಡಿಯುತ್ತದೆ, ಸ್ಪ್ರಿಂಗ್ ಸೋಲಬಾರದೆಂದು 28ಕ್ಕೇ ನಿಲ್ಲಿಸುವುದು ರೂಢಿ. ಒಂದೇ ಸಮನೆ ಒತ್ತಿ ಹಿಡಿದರೆ ನಾಲ್ಕು ಸೆಕೆಂಡಿಗೇ ಖಾಲಿ. ಅಳೆದು ಹೊಡೆದರೂ ಬಿರುಸಿನ ಹೊತ್ತಿನಲ್ಲಿ ನಿಮಿಷಕ್ಕೆ ನಾಲ್ಕು ಮ್ಯಾಗಜಿನ್ ಬೇಕು, ಹತ್ತು ಮ್ಯಾಗಜಿನ್ ಮುಗಿಯುವಾಗ ಕಾದ ಬ್ಯಾರೆಲ್ ಬದಲಿಸಬೇಕು. ಅದಕ್ಕೇ ಒಂದು ಗನ್‌ಗೆ ಇಬ್ಬರು: ಒಬ್ಬ ಹೊಡೆಯುವವ, ಇನ್ನೊಬ್ಬ ಮ್ಯಾಗಜಿನ್, ಬ್ಯಾರೆಲ್ ನೋಡಿಕೊಳ್ಳುವವ. ಆ ಎರಡನೆಯವ ಬಿದ್ದರೆ ಗುಂಡು ಇದ್ದೂ ಗನ್ ಮೂಕ.

ತುಂಬುವುದಾದರೂ ಸುಲಭವೇ? .303 ಗುಂಡಿನ ಬುಡದಲ್ಲಿ ತುಸು ಹೊರಚಾಚಿದ ಅಂಚಿದೆ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆಯೇ ಕೂರಬೇಕು. ಒಂದೇ ಒಂದು ಹಿಂದಾದರೂ ಅಂಚಿಗೆ ಅಂಚು ಸಿಕ್ಕಿಕೊಂಡು, ಶತ್ರು ಎದುರಿಗಿರುವಾಗ ಗನ್ ನಿಲ್ಲುತ್ತದೆ. ಹಾಗಾಗಿ ಎಡಗೈಯಲ್ಲಿ ಮ್ಯಾಗಜಿನ್ ಹಿಡಿದು, ಬಲ ಹೆಬ್ಬೆರಳಲ್ಲಿ ಒಂದೊಂದೇ ಗುಂಡು ಒತ್ತಬೇಕು. ಕೊನೆಕೊನೆಗೆ ಸ್ಪ್ರಿಂಗ್ ಎಷ್ಟು ಬಿಗಿಯೆಂದರೆ ಹೆಬ್ಬೆರಳು ಜೋಮು ಹಿಡಿಯುತ್ತದೆ. ಎಡಗೈ ಪ್ಲಾಸ್ಟರಿನಲ್ಲಿದ್ದವರು ಇದನ್ನು ಮಾಡಿದ್ದು!

ಅದಕ್ಕೂ ಮೊದಲು ಅವರು ಬಯಲಲ್ಲಿ ಗುಂಡಿನ ನಡುವೆ ಒಂದು ತುಕಡಿಯಿಂದ ಇನ್ನೊಂದಕ್ಕೆ ಓಡಾಡಿದ್ದರು. ನಮ್ಮ ವಿಮಾನಗಳಿಗೆ ಗುರಿ ತೋರಿಸಲು ಶತ್ರುವಿನ ಕಣ್ಣೆದುರೇ ನೆಲದ ಮೇಲೆ ಬಟ್ಟೆಯ ಪಟ್ಟಿ ಹಾಸಿದ್ದರು. ಎಲ್‌ಎಂಜಿಯವರು ಒಬ್ಬೊಬ್ಬರೇ ಬೀಳುತ್ತಿದ್ದಂತೆ ಗುಂಡಿನ ಬಿರುಸು ತಗ್ಗಿದ್ದು ಗಮನಿಸಿ ಕುಳಿತು ತುಂಬತೊಡಗಿದರು, ತುಂಬಿ ತುಂಬಿ ಹಂಚಿದರು. ನನ್ನ ದೃಷ್ಟಿಯಲ್ಲಿ ನಾಯಕತ್ವ ಇರುವುದು ಆ ಗಮನಿಸಿದ್ದರಲ್ಲೇ. ರೈಫಲ್ ಎತ್ತಿಕೊಂಡಿದ್ದರೆ ಕಂಪೆನಿಗೆ ಒಂದು ರೈಫಲ್ ಹೆಚ್ಚಾಗುತ್ತಿತ್ತು, ಅಷ್ಟೇ. ಮ್ಯಾಗಜಿನ್ ತುಂಬಿದ್ದರಿಂದ ಬ್ರೆನ್‌ಗಳು ಮಾತಾಡುತ್ತಲೇ ಇದ್ದವು. ಸಿಪಾಯಿಯ ಕೆಲಸ ಮೇಜರ್ ಮಾಡುವುದೇ ಅಂತ ಆ ಗಳಿಗೆಯಲ್ಲಿ ಅವರು ಯೋಚಿಸಲಿಲ್ಲ.

ಆ ಮದ್ದುಗುಂಡಿನ ರಾಶಿಯ ನಡುವೆಯೇ ಮಾರ್ಟರ್ ಶೆಲ್ ಬಿತ್ತು. ಶರ್ಮರು ಹೋದ ಮೇಲೂ ಅವರ ಹುಡುಗರು ಹೋರಾಡಿದರು, ಸುತ್ತಲೂ ಮುತ್ತಿಗೆ ಬಿಗಿಯುವವರೆಗೆ ಜಾಗ ಬಿಡಲಿಲ್ಲ. ಶತ್ರುವಿಗೆ ಆರು ಗಂಟೆ ತಡವಾಯಿತು. ಅಷ್ಟರಲ್ಲಿ ನಮ್ಮ ಹೊಸ ಪಡೆ ವಿಮಾನ ನಿಲ್ದಾಣದ ಬಳಿಯ ಹುಮ್‌ಹಾಮಾದಲ್ಲಿ ನೆಲೆ ನಿಂತಿತ್ತು. ವಿಮಾನ ನಿಲ್ದಾಣ ಉಳಿಯಿತು.

ಮೂರು ನಿಮಿಷದ ಭಾಷಣವಾದರೆ ಒಂದು ನಿಮಿಷವನ್ನು ಆ ಮ್ಯಾಗಜಿನ್‌ಗೆ ಕೊಡಿ. ಅಭ್ಯಾಸ ಮಾಡಿಸುವಾಗ ಮಗುವಿನ ಎಡಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಸ್ಕೇಲ್ ಕಟ್ಟಿ, ಶೂ ಲೇಸ್ ಹಾಕಿಕೋ ಮಗಾ ಅನ್ನಿ. ಆಮೇಲೆ ಭಾಷಣ ಹೇಳಿಸಿ.