ಗಂಧರ್ವ ಮತ್ತು ಸೀಗಡಿ

ಧಾರವಾಡದಲ್ಲಿ ಬೆಳೆದ ನನಗೆ ಹಾಡು ಅಂದರೆ ಜಮಖಾನೆ, ತಂಬೂರಿ, ಗುರುಗಳ ಕಾಲು. ಕಛೇರಿಯಲ್ಲಿ ಕೆಮ್ಮು ಬಂದರೂ ತಡೆದುಕೊಂಡು ಕೂರುತ್ತಿದ್ದೆವು. ಹಾಗಾಗಿ ಸ್ಪೇನಿನ ಸೆವಿಯಾಕ್ಕೆ ಬಂದ ಹೊಸತರಲ್ಲಿ, ಸಣ್ಣ ಹೆಂಡದಂಗಡಿಯೊಂದರಲ್ಲಿ ಇಲ್ಲಿನ ಹಾಡಿನ ಪದ್ಧತಿಯಾದ ಫ್ಲಮೆಂಕೊ ಕೇಳಿದಾಗ ಸಿಟ್ಟೇ ಬಂದಿತ್ತು. ಹಾಡುವವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಜನ ಕೂತಿದ್ದರು. ಚಪ್ಪಾಳೆ ಬೇರೆ, ನಡುನಡುವೆ ಭೇಷ್ ಅನ್ನುವ ಹಾಗೆ "ಓಲೇ" ಅಂತ ಕೂಗು ಬೇರೆ. ಇದೇನು ಸಂತೆಯಾ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಆ ಚಪ್ಪಾಳೆಯೇ ತಾಳ. 12 ಮಾತ್ರೆಯ ಸುತ್ತು, ಆದರೆ ಒತ್ತು ಬೀಳುವುದು 3, 6, 8, 10, 12ರ ಮೇಲೆ. ನಮ್ಮ 12 ಮಾತ್ರೆಯ ಏಕತಾಲ ಕೇಳಿ ಬೆಳೆದ ನನ್ನ ಕೈ ಇವತ್ತಿಗೂ ತಪ್ಪುತ್ತದೆ.

ಇಲ್ಲಿ ಎಲ್ಲರ ಬಾಯಲ್ಲೂ ಇರುವ ಫ್ಲಮೆಂಕೊ ಹಾಡುಗಾರನ ಹೆಸರು ಕಾಮರೋನ್ ದೆ ಲಾ ಇಸ್ಲಾ. ಅಂದರೆ ದ್ವೀಪದ ಸೀಗಡಿ! ನಿಜವಾದ ಹೆಸರು ಹೊಸೆ ಮೊಂಹೆ ಕ್ರುಸ್. 1950ರಲ್ಲಿ ಕಾದಿಸ್ ಪಕ್ಕದ ಸಾನ್ ಫೆರ್ನಾಂದೊ ಊರಲ್ಲಿ, ಹಿತಾನೊ ಅಂದರೆ ಜಿಪ್ಸಿ ಮನೆಯಲ್ಲಿ ಹುಟ್ಟಿದವರು. ಅಪ್ಪ ಕಮ್ಮಾರ, ಅಮ್ಮ ಬುಟ್ಟಿ ಹೆಣೆಯುವವರು. ಹುಡುಗನ ಮೈ ಬಿಳುಪು, ಕೂದಲು ಹೊಂಬಣ್ಣ. ನೋಡಿದ ಬಂಧುವೊಬ್ಬರು ಸೀಗಡಿ ಅಂದರು, ಅದೇ ಉಳಿಯಿತು.

ನಮ್ಮ ಕಡೆ ನೋಡಿ. ಸುಳೇಭಾವಿಯ ಶಿವಪುತ್ರ ಕುಮಾರ ಗಂಧರ್ವರಾದರು. ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾದರು. ಚೆನ್ನಾಗಿ ಹಾಡಿದವರನ್ನು ನಾವು ದೇವಲೋಕಕ್ಕೆ ಕಳಿಸುತ್ತೇವೆ. ಇವರು ಉಪ್ಪುನೀರಿನಲ್ಲೇ ಇರಲಿ ಬಿಡು ಅನ್ನುತ್ತಾರೆ. ನನಗೆ ಈಗೀಗ ಇವರ ರೀತಿಯೇ ಜಾಸ್ತಿ ಹಿಡಿಸುತ್ತದೆ.

ಕಾಮರೋನ್‌ಗೆ ಗಂಡಾ, ಅಂದರೆ ಶಿಷ್ಯತ್ವದ ದಾರ, ಕಟ್ಟಿದ ಗುರು ಇರಲಿಲ್ಲ. ಕುಲುಮೆಯ ಮುಂದೆ ಅಪ್ಪ ಹಾಡುತ್ತಿದ್ದರು, ಅಮ್ಮನೂ ಒಳ್ಳೆಯ ಹಾಡುಗಾರ್ತಿ. ಅಪ್ಪ ಬೇಗ ತೀರಿಕೊಂಡರು. ಹುಡುಗ ಊರಿನ ವೆಂತಾ ದೆ ವಾರ್ಗಾಸ್ ಎಂಬ ಖಾನಾವಳಿಯಲ್ಲಿ ಚಿಲ್ಲರೆ ಕಾಸಿಗೆ ಹಾಡತೊಡಗಿದ. ಮುಂದೆ ಮ್ಯಾಡ್ರಿಡ್‌ಗೆ ಹೋಗಿ ತೊರ್ರೆಸ್ ಬೆರ್ಮೆಹಾಸ್ ಎಂಬ ಫ್ಲಮೆಂಕೊ ಮಂದಿರದಲ್ಲಿ ವರ್ಷಗಟ್ಟಲೆ ರಾತ್ರಿ ಹಾಡಿದರು. ಅಲ್ಲೇ ಗಿಟಾರಿನ ಪಾಕೊ ದೆ ಲೂಸಿಯಾ ಜೊತೆಯಾದದ್ದು. 1969ರಿಂದ 1977ರವರೆಗೆ ಇಬ್ಬರೂ ಸೇರಿ 9 ರೆಕಾರ್ಡು ತಂದರು.

1979ರಲ್ಲಿ ಬಂದ ಕಾಮರೋನ್ ರೆಕಾರ್ಡು 'ಲಾ ಲೆಯೆಂದಾ ದೆಲ್ ತಿಯೆಂಪೊ' ಗಲಾಟೆ ಎಬ್ಬಿಸಿತು. ಲೋರ್ಕಾ ಕವಿಯ ಸಾಲುಗಳು, ಡ್ರಮ್ಸು, ಎಲೆಕ್ಟ್ರಿಕ್ ಬಾಸು, ಒಂದು ಜೋಗುಳಕ್ಕೆ ಸಿತಾರು ಕೂಡ. ಇದು ನಮ್ಮ ಕಾಮರೋನ್ ಅಲ್ಲ ಅಂತ ಜನ ರೆಕಾರ್ಡನ್ನು ಅಂಗಡಿಗೆ ವಾಪಸ್ ಕೊಟ್ಟರಂತೆ. ಈಗ ಅದನ್ನೇ ತಲೆಯ ಮೇಲೆ ಹೊರುತ್ತಾರೆ. ಶುದ್ಧ ಸಂಗೀತ ಅನ್ನುವವರು ಎಲ್ಲ ಊರಲ್ಲೂ ಒಂದೇ. ಕುಮಾರ ಗಂಧರ್ವರಿಗೂ ಇಂಥ ಮಾತು ತಪ್ಪಲಿಲ್ಲ ಅಲ್ವಾ?

ಕಾಮರೋನ್ ದನಿಯ ಬಗ್ಗೆ ಹೇಳಲೇಬೇಕು. ತುಂಬ ಎತ್ತರಕ್ಕೆ ಹೋಗುತ್ತದೆ, ಅಲ್ಲಿ ಸೀಳುತ್ತದೆ. ನಮ್ಮಲ್ಲಾದರೆ ಗಂಟಲು ಕೆಟ್ಟಿದೆ, ಬಿಸಿನೀರು ಕುಡಿ ಅನ್ನುತ್ತಿದ್ದರು. ಇಲ್ಲಿ "ಓಲೇ" ಬೀಳುವುದೇ ಆ ಸೀಳಿಗೆ. ಹಿತಾನೊ ಮಾತಿನಲ್ಲಿ ಸಂಕಟಕ್ಕೆ 'ದುಕೆಲಾಸ್' ಅನ್ನುತ್ತಾರೆ, ನಮ್ಮ ದುಃಖದ ನೆಂಟ. ನೀರಿಗೆ 'ಪಾನ್ಯಿ'. ಇವರ ಹಿರೀಕರು ನಮ್ಮ ದೇಶದ ಕಡೆಯಿಂದಲೇ ಹೊರಟವರು. ಹಾಗಂತ ಫ್ಲಮೆಂಕೊ ನಮ್ಮದೇ ಅಂತ ಸುಮ್ನೆ ಎದೆ ತಟ್ಟಿಕೊಳ್ಳುವವರನ್ನು ಕಂಡರೆ ನನಗಾಗದು. ಇದು ದಕ್ಷಿಣ ಸ್ಪೇನಿನ ಈ ಆಂದಲೂಸಿಯಾದ ಮಣ್ಣಿನಲ್ಲೇ ಬೆಳೆದದ್ದು.

ಇನ್ನು ಹಾಡುವವರನ್ನು ಹತ್ತಿರ ಕೂರಿಸಿಕೊಳ್ಳುವ ಇಲ್ಲಿಯವರ ಗುಣ ಎಲ್ಲಿಯವರೆಗೆ? ಮನೆ ಹುಡುಕುವಾಗ ಮಾಲೀಕರೊಬ್ಬರು ನನಗೆ ಧೈರ್ಯ ಹೇಳಿದ್ದರು: "ಹೆದರಬೇಡಿ, ಈ ಕಟ್ಟಡದಲ್ಲಿ ಹಿತಾನೊಗಳಿಲ್ಲ." ಅವರ ಹಿಂದಿನ ಗೋಡೆಯಲ್ಲಿ ಕಾಮರೋನ್ ಫೋಟೊ ಇತ್ತು. ನಗು ಬಂತು, ಆದರೆ ನಗುವ ಹಕ್ಕು ನನಗಿರಲಿಲ್ಲ. ಗಂಗೂಬಾಯಿ ಹಾನಗಲ್ ಹುಡುಗಿಯಾಗಿದ್ದಾಗ ನಮ್ಮ ಧಾರವಾಡದಲ್ಲೇ ನೆರೆಯವರ ಮಾವಿನಕಾಯಿ ಕಿತ್ತಿದ್ದರು. ಕದ್ದದ್ದಕ್ಕಿಂತ, ಹಾಡುವವಳ ಮಗಳು ತೋಟಕ್ಕೆ ಕಾಲಿಟ್ಟಳಲ್ಲ ಅನ್ನುವುದೇ ಅವರಿಗೆ ದೊಡ್ಡದಾಗಿತ್ತು. ಮುಂದೆ ಅಂಥವರೇ ಮನೆಗೆ ಕರೆದು ಉಪಚರಿಸಿದರು.

ಕಾಮರೋನ್ 1992ರ ಜುಲೈ 2ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು ಬರೀ 41. ಸಿಗರೇಟು, ಹೆರಾಯಿನ್, ಯಾವುದನ್ನೂ ಇಲ್ಲಿನ ಜನ ಮುಚ್ಚಿಡುವುದಿಲ್ಲ. ನಮ್ಮವರಾದರೆ ದನಿ ತಗ್ಗಿಸಿ, "ಅದೆಲ್ಲ ಯಾಕೆ ಈಗ" ಅನ್ನುತ್ತಿದ್ದೆವು.

ಹೋದ ವರ್ಷ ಸಾನ್ ಫೆರ್ನಾಂದೊಗೆ ಹೋಗಿದ್ದೆ. ಆ ಖಾನಾವಳಿ ಇನ್ನೂ ಇದೆ. ಎದುರಿಗೆ ಕಾಮರೋನ್ ಕಂಚಿನಲ್ಲಿ ಕೂತಿದ್ದಾರೆ. ಒಳಗೆ ಅಲ್ಲಿನ ಹೆಸರಾಂತ ತಿಂಡಿ ಕೊಟ್ಟರು. ಕಡಲೆಹಿಟ್ಟು ಬೆರೆಸಿ ಗರಿಗರಿಯಾಗಿ ಕರಿದದ್ದು, ಥೇಟ್ ನಮ್ಮೂರ ಭಜಿ. ಒಳಗೆ ಮಾತ್ರ ಈರುಳ್ಳಿ ಬದಲು ಪುಟ್ಟ ಪುಟ್ಟ ಸೀಗಡಿ. ನಾನು ಎರಡು ತಿಂದೆ. ಅವ್ವನಿಗೆ ಇನ್ನೂ ಹೇಳಿಲ್ಲ.