ಬ್ರಾದಿಂದ ಸ್ತನ ಕ್ಯಾನ್ಸರ್ ಬರುತ್ತದೆಯೇ? ಸತ್ಯಾಂಶ

ಕಪ್ಪು ಬ್ರಾ, ಬಿಗಿ ಬ್ರಾ, ವೈರ್ ಇರುವ ಬ್ರಾ ಹಾಕಿದರೆ ಸ್ತನ ಕ್ಯಾನ್ಸರ್ ಬರುತ್ತದೆ ಎನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಕಳಿಸುವವರದ್ದು ಕಾಳಜಿಯೇ. ಆದರೆ ವಿಷಯ ನಿಜವಲ್ಲ.

ಬ್ರಾ ದುಗ್ಧರಸವನ್ನು (ಲಿಂಫ್ ಎನ್ನುವ ದೇಹದ ದ್ರವ, ಹಾಲಲ್ಲ) ತಡೆಯುವುದರಿಂದ ಸ್ತನದಲ್ಲಿ ವಿಷ ಕಟ್ಟಿಕೊಳ್ಳುತ್ತದೆ ಎನ್ನುವುದು ಆ ಮೆಸೇಜಿನ ವಾದ. ಆ ರಸ ಹೆಚ್ಚಾಗಿ ಕಂಕುಳಿನ ಗ್ರಂಥಿಗಳ ಕಡೆಗೆ ಹರಿಯುತ್ತದೆ. ಬ್ರಾ ಅದನ್ನು ತಡೆದು ಕ್ಯಾನ್ಸರ್ ತರುತ್ತದೆ ಎನ್ನಲು ಪುರಾವೆ ಇಲ್ಲ. ಮುಟ್ಟು ನಿಂತ ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಪ್ ಸೈಜ್, ವೈರ್, ದಿನಕ್ಕೆ ಹಾಕುವ ಗಂಟೆಗಳು, ಯಾವುದಕ್ಕೂ ನಂಟು ಕಾಣಲಿಲ್ಲ.

ಮೆಸೇಜ್ ಬಂದಾಗ ಅಧ್ಯಯನದ ಹೆಸರು, ವರ್ಷ ಇದೆಯಾ ನೋಡಿ. ಸುಮ್ನೆ ‘ವೈದ್ಯರು ಹೇಳಿದ್ದಾರೆ’ ಅಂತಿದ್ದರೆ ಕ್ಯಾನ್ಸರ್ ಆಸ್ಪತ್ರೆಗಳ ವೆಬ್‌ಸೈಟಿನಲ್ಲಿ ಹುಡುಕಿ. ಆದರೆ ಸ್ತನದಲ್ಲಿ ಗಂಟು ಸಿಕ್ಕರೆ ತಡ ಮಾಡದೆ ವೈದ್ಯರಿಗೆ ತೋರಿಸಿ.

ಬ್ರಾ ಸೈಜ್ ತಪ್ಪಿದರೆ ಚರ್ಮ ಕೆಂಪಾಗುತ್ತದೆ, ಭುಜ ನೋಯುತ್ತದೆ, ಅದು ನಿಜ. ಟೈಲರ್ ಟೇಪಿನಿಂದ ಮೊದಲು ಸ್ತನದ ಕೆಳಗೆ, ಆಮೇಲೆ ತುಂಬಿದ ಭಾಗದಲ್ಲಿ ಅಳತೆ ತೆಗೆಯಿರಿ. ಪ್ರತಿ ಕಂಪನಿಯ ಚಾರ್ಟ್ ಬೇರೆ, ಅದನ್ನೇ ನೋಡಿ ಕೊಳ್ಳಿ. ಹೊಸ ಬ್ರಾ ಅತಿ ಸಡಿಲದ ಕೊಕ್ಕೆಯಲ್ಲೇ ಸರಿಯಾಗಿ ಕೂರಬೇಕು. ಸ್ತನದ ಕೆಳಗೆ ಸುತ್ತುವ ಪಟ್ಟಿಯಡಿ ಎರಡು ಬೆರಳು ಹೋಗಬೇಕು, ಕೈ ಎತ್ತಿದಾಗ ಅದು ಮೇಲೆ ಜರುಗಬಾರದು.